ಮಾವ ಹೇಳುವ ರೇಸ್ ಕೋರ್ಸಿನ ಚರಿತ್ರೆ

ಹನಗೋಡಿನಲ್ಲಿ ಸೂರ್ಯ ಹುಟ್ಟಿದರೂ ನನ್ನ ಸೋದರಮಾವನಿಗೆ ಅನುಮಾನ! "ಇವತ್ತ್ಯಾಕೋ ಬಿರ್ರನೆ ಬಂದವ್ನೆ, ಏನೋ ಐತೆ" ಎನ್ನುವ ಪೈಕಿ. ಹಾಲಿನವಳು ನೀರು ಬೆರೆಸದಿದ್ದರೆ ಅದಕ್ಕೂ ಹುಬ್ಬು ಗಂಟಿಕ್ಕುತ್ತಾನೆ: "ಇಷ್ಟ್ ಗಟ್ಟಿ ಹಾಲ ಸುಮ್‌ಸುಮ್ನೆ ಯಾರ್ ಕೊಟ್ಟಾರು?"

ಇಂಥವನು ಪ್ರಾಯದ ಕಾಲದಲ್ಲಿ ಸಿಟಿಯ ಹಳೇ ರೇಸ್ ಕೋರ್ಸಿನ ಲಾಯದಲ್ಲಿ ಕುದುರೆಗಳ ಮೈ ಉಜ್ಜುತ್ತಿದ್ದ. ಆ ಮೈದಾನದ ಚರಿತ್ರೆ ಅವನಿಗೆ ಬಾಯಿಪಾಠ. ಆದರೆ ಅವನ ಬಾಯಲ್ಲಿ ಅದು ಚರಿತ್ರೆಯೋ, ಪೊಲೀಸು ಸ್ಟೇಷನ್ನಿಗೆ ಕೊಟ್ಟ ದೂರೋ? ಮಹಾರಾಜರ ಕಾಲದಲ್ಲಿ ದೊಡ್ಡ ದೊಡ್ಡ ಸಾಹೇಬರೆಲ್ಲ ದುರ್ಬೀನು ಹಿಡಿದು ಬರುತ್ತಿದ್ದರಂತೆ.

"ಓಡೋ ಕುದ್ರೆ ಎಂಗೂ ಇತ್ಲಾಗೇ ಬತ್ತದೆ. ದುರ್ಬೀನು ಯಾಕ್ ಬೇಕಿತ್ತು? ಬ್ಯಾರೆ ಯಾರ್ನೋ ನೋಡಕ್ಕೆ ಕಣ್ಲಾ!"

ಆಮೇಲೆ ರೇಸು ಶುರುವಾಗುವಾಗ ಬಾರಿಸುತ್ತಿದ್ದ ಗಂಟೆ ಹೋಗಿ ಮೈಕು ಬಂತು. ಎರಡು ಕುದುರೆ ಒಟ್ಟಿಗೆ ಗೆರೆ ಮುಟ್ಟಿದರೆ ಯಾವುದರ ಮೂಗು ಮುಂದಿತ್ತೆಂದು ನೋಡಲು ಫೋಟೋ ಯಂತ್ರವೂ ಬಂತು. ಮಾವ ಅದನ್ನು ನಂಬಿದನೇ? ಉಂಟೇ!

"ಆಧಾರ್ ಕಾರ್ಡ್ನಾಗೆ ನನ್ ಮೂಗೇ ಸೊಟ್ಟ ಬಂದೈತೆ. ಕುದ್ರೆ ಮೂಗು ನೆಟ್ಟಗೆ ಬತ್ತದಾ?"

ಹೋದ ತಿಂಗಳು ಅವನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ ಬೋರ್ಡು ಓದಿದ, ಕಂಡಕ್ಟರನನ್ನು ಕೇಳಿದ, ಕಂಡಕ್ಟರ್ ಹೇಳಿದ್ದು ನಿಜವೇ ಎಂದು ಡ್ರೈವರನನ್ನೂ ಕೇಳಿದ! ಹೋಗಿ ನೋಡಿದರೆ ಅಂದು ರೇಸಿಲ್ಲ, ಮೈದಾನ ಖಾಲಿ. ಮಾವ ಬೇಲಿ ಹಿಡಿದು ನಿಂತ.

"ನೋಡ್ದಾ? ದಾರಿ ಯಾಕ್ ದುಂಡಗೆ ಮಾಡವ್ರೆ?"

"ಕುದುರೆ ಸುತ್ತಿ ಬರಬೇಕಲ್ಲ ಮಾವ!"

"ಊಹೂಂ. ಆ ಮೂಲೇಲಿ ಏನ್ ನಡೀತು ಅಂತ ಯಾರ್ಗೂ ಕಾಣ್ಬಾರ್ದು, ಅದುಕ್ಕೆ."

ನಾನು ನಕ್ಕೆ. ಅವನು ನಗಲಿಲ್ಲ. ಆ ಮೂಲೆಯನ್ನೇ ನೋಡುತ್ತಿದ್ದ.

"ನಾನ್ ಸಾಕಿದ್ ಹೆಣ್ಗುದ್ರೆ ಅಲ್ಲೇ ಬಿದ್ದಿದ್ದು" ಎಂದ. "ಕಾಲ್ ಮುರೀತು. ಕಾಲ್ ಮುರುದ್ ಕುದ್ರೇನ ಅಲ್ಲಿ ಉಳ್ಸಾಕಿಲ್ಲ. ನಾನ್ ಓಡೋಗೋ ಹೊತ್ಗೆ ಸುತ್ತ ಪರದೆ ಕಟ್ಬುಟ್ಟಿದ್ರು. ಒಳೀಕ್ ಬುಡ್ನಿಲ್ಲ."

ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿ. ಲಾಯದ ಕೆಲಸ ಬಿಟ್ಟು ಊರಿಗೆ ಬಂದದ್ದೂ ಆ ವಾರವೇ ಅಂತೆ. "ಆಮೇಲೆ?" ಎಂದೆ.

"ಕುದ್ರೆ ಡಾಕ್ಟ್ರು ಈಚೆ ಬಂದು ಎಗ್ಲ ಮ್ಯಾಲೆ ಕೈ ಇಟ್ರು. 'ಒಂಚೂರೂ ನೋವಾಗ್ಲಿಲ್ಲ ಕಣಯ್ಯ, ಹಂಗೇ ನಿದ್ದೆ ಹೋಯ್ತು' ಅಂದ್ರು."

ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ.

"ಅದೊಂದ್ ಮಾತ ನಂಬ್ಕಂಡಿವ್ನಿ ಕಣ್ಲಾ."