ಓನರಿಗೆ ಹೊಡೆದ ಗುಮಾಸ್ತ

ಮಹಡಿಯ ಮೇಲೆ ಬಾಡಿಗೆಗಿದ್ದ ಗುಮಾಸ್ತ ಅಂದು ಬೆಳಿಗ್ಗೆ ಕೆಳಗಿಳಿದು ಬಂದದ್ದು ಮನೆ ಓನರ ಸೈಕಲ್ಲಿಗೆ ಗಾಳಿ ಹೊಡೆಯುವುದಕ್ಕೆ. ಓನರು ಹಿಂದಿನ ಸಂಜೆಯೇ ಹೇಳಿಟ್ಟಿದ್ದರು. ಪಂಪು ಗುಮಾಸ್ತನದು, ಕೇಳಿದವರಿಗೆ ಇಲ್ಲ ಎನ್ನಲು ಬಾರದ ಬಾಯಿಯೂ ಅವನದೇ.

ಓನರು ಒಂದು ಕಾಲದ ಪೈಲ್ವಾನರು. ಅವರು ಬಾಗಿಲಲ್ಲಿ ನಿಂತರೆ ಬಾಗಿಲೇ ಕಾಣುತ್ತಿರಲಿಲ್ಲ. ಅವರ ಪಕ್ಕದಲ್ಲಿ ಗುಮಾಸ್ತ ಕೊಡೆಯಿಂದ ಕಿತ್ತುಬಂದ ಕಡ್ಡಿಯ ಹಾಗಿದ್ದ. ಕಚೇರಿಯಲ್ಲಿ ಅವನ ಕೆಲಸ ಅರ್ಜಿಗಳಿಗೆ ಸೀಲು ಹೊಡೆಯುವುದು. ಅದನ್ನೂ ಕಾಗದಕ್ಕೆ ನೋವಾದೀತೇನೋ ಎಂಬಷ್ಟು ಮೆತ್ತಗೆ ಹೊಡೆಯುತ್ತಿದ್ದ.

ಗಾಳಿ ತುಂಬಿ ಬೆವರು ಒರೆಸಿಕೊಳ್ಳುತ್ತಿರುವಾಗ ಮೇಲಿನ ಅಡುಗೆಮನೆ ಕಿಟಕಿಯಿಂದ ಹೆಂಡತಿ ಕೂಗಿದಳು.

"ರೀ, ಓನರಿಗೆ ಹೊಡೆದ್ರಾ?"

"ಹೊಡೆದೆ ಕಣೇ. ಮುಂದೆ ಸ್ವಲ್ಪ ಹೊಡೆದ್ರೆ ಸಾಕಾಯ್ತು. ಹಿಂದೆ ಮಾತ್ರ ಕೈ ಬಿದ್ದು ಹೋಗೋ ತನಕ ಹೊಡೀಬೇಕಾಯ್ತು. ಈಗ ಚೆನ್ನಾಗಿ ಉಬ್ಬಿದೆ."

ಕಾಂಪೌಂಡಿನ ಆಚೆ ಬಟ್ಟೆ ಹಿಂಡುತ್ತಿದ್ದ ಪಕ್ಕದ ಮನೆಯಾಕೆಯ ಕೈ ಅಲ್ಲೇ ನಿಂತಿತು. ಬೀದಿಯವರೆಲ್ಲ ಆಕೆಯನ್ನು ಅತ್ತೆ ಎಂದೇ ಕರೆಯುತ್ತಿದ್ದರು, ಎಲ್ಲರ ಮನೆಯ ವಿಷಯವೂ ಆಕೆಗೆ ಬೇಕಾದ್ದರಿಂದ. ಗುಮಾಸ್ತ ಸ್ನಾನಕ್ಕೆಂದು ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಓನರು ಹೊರಗೆ ಬಂದರು. ಅವರ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಒದ್ದೆ ಬಟ್ಟೆ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಸೈಕಲ್ ಹತ್ತಿ ಡಾಕ್ಟರ ಕಡೆ ಹೋದರು. ಅತ್ತೆಯ ಬಟ್ಟೆಗಳು ಬಕೆಟ್ಟಿನಲ್ಲೇ ಉಳಿದವು.

ಅತ್ತೆಯ ಅಳಿಯ ಗುಮಾಸ್ತನ ಕಚೇರಿಯಲ್ಲೇ, ಪಕ್ಕದ ಮೇಜಿನಲ್ಲೇ ಕೆಲಸಕ್ಕಿದ್ದ. ಗುಮಾಸ್ತ ಬಸ್ಸಿನಲ್ಲಿ ನೇತಾಡಿಕೊಂಡು ಬರುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಬಂದು ಕೂತಿತ್ತು.

ದಿನವೂ ತನ್ನ ಅರ್ಧ ಫೈಲುಗಳನ್ನು ಗುಮಾಸ್ತನ ಮೇಜಿಗೆ ತಳ್ಳುತ್ತಿದ್ದ ಅಳಿಯ ಅಂದು ತಾನಾಗಿಯೇ ಅವನ್ನು ಹಿಂದಕ್ಕೆ ಎಳೆದುಕೊಂಡ. "ಏಯ್ ಸೀಲು" ಎಂದೇ ಕರೆಯುತ್ತಿದ್ದ ಸಾಹೇಬರು ಕುರ್ಚಿ ತೋರಿಸಿ ಕೂರಿಸಿದರು, ತಿಂಗಳುಗಳಿಂದ ಕೊಡದಿದ್ದ ರಜೆಯನ್ನು ಕೇಳದೆಯೇ ಮಂಜೂರು ಮಾಡಿದರು, ಕೋಪ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಮೆಲ್ಲಗೆ ಹೇಳಿ ಕಳಿಸಿದರು. ಗುಮಾಸ್ತನಿಗೆ ತಲೆಬುಡ ತಿಳಿಯಲಿಲ್ಲ. ಚಹಾದ ಹೊತ್ತಿಗೆ ಅಳಿಯನೇ ಹತ್ತಿರ ಬಂದು, "ಪೈಲ್ವಾನ್ರು ಒಂದೇ ಏಟಿಗೆ ಬಿದ್ರಂತೆ, ಹೌದಾ?" ಎಂದು ಪಿಸುಗುಟ್ಟಿದ.

ಗುಮಾಸ್ತ ಲೋಟ ಕೆಳಗಿಟ್ಟ. ತಾನು ಹೊಡೆದದ್ದು ಗಾಳಿ ಎಂದು ಆಣೆ ಇಟ್ಟು ಹೇಳಿದ.

"ಗಾಳಿ ಬಿಡಿಸಿದೆ ಅನ್ನಿ" ಎಂದು ಅಳಿಯ ನಕ್ಕ. ಗುಮಾಸ್ತ ಇಲ್ಲ ಎಂದಷ್ಟೂ ಕಚೇರಿಯವರಿಗೆ ಅವನ ವಿನಯದ ಮೇಲೆ ಗೌರವ ಹೆಚ್ಚಿತು.

ನಿಜ ಹೇಳಬೇಕೆಂದರೆ ಮಧ್ಯಾಹ್ನದ ಮೇಲೆ ಅವನಿಗೂ ಅದು ಸ್ವಲ್ಪ ರುಚಿಸಿತು. ಸೀಲು ಧಡ್ ಎಂದು ಬೀಳತೊಡಗಿತು. ಇಂಕಿನ ಡಬ್ಬಿ ಬೆಚ್ಚಿಬಿದ್ದು ಕುಣಿಯಿತು. ಆದರೆ ಸಂಜೆ ಬಸ್ಸಿನಲ್ಲಿ ಓನರ ತೋಳುಗಳು ನೆನಪಾದವು.

ಮನೆಯ ಗೇಟಿನ ಬಳಿ ಅರ್ಧ ಬೀದಿ ನೆರೆದಿತ್ತು. ರಾಜಿ ಮಾಡಿಸಲು ಹಿರಿಯರು ಬಂದಿದ್ದರು. ರಾಜಿ ಆಗದಿದ್ದರೆ ನೋಡಲು ಉಳಿದವರು ಬಂದಿದ್ದರು. ಮಧ್ಯಾಹ್ನದಿಂದ ಎಲ್ಲರಿಗೂ ಪಂಪಿನ ಕತೆ ಹೇಳಿ ಹೇಳಿ ಹೆಂಡತಿಯ ಗಂಟಲು ಬಿದ್ದುಹೋಗಿತ್ತು. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಓನರ ಮುಂದೆ ಗುಮಾಸ್ತ ಕೈಮುಗಿದು ನಿಂತ.

"ಸರ್, ನೀವೇ ಹೇಳಿಬಿಡಿ. ನಾನು ನಿಮಗೆ ಹೊಡೆದ್ನಾ?"

ಓನರು ಜನರನ್ನು ನೋಡಿದರು, ಕೆನ್ನೆ ಸವರಿಕೊಂಡರು.

"ಹೊಡೆದ್ರು" ಎಂದರು. "ಬನ್ನಿ, ಒಳಗೆ ಕೂತು ಮಾತಾಡೋಣ."

ಒಳಗೆ ಬಾಗಿಲು ಹಾಕಿದ ಮೇಲೆ ಅಷ್ಟು ದೊಡ್ಡ ಮನುಷ್ಯನ ಕಣ್ಣಲ್ಲಿ ನೀರಾಡಿತು. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಕದ್ದು ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ ತಾಯಿ ನೋಡಿಬಿಟ್ಟು ಸೌಟು ಬೀಸಿದ್ದರು.

"ಎಂಬತ್ತು ದಾಟಿದ ಅಮ್ಮನ ಕೈಲಿ ಏಟು ತಿಂದೆ ಅಂದ್ರೆ ಈ ಬೀದಿ ನಾನು ಸಾಯೋ ತನಕ ನಗುತ್ತೆ. ನೀವು ಹೊಡೆದಿದ್ದು ಅಂದ್ರೆ ಎರಡು ದಿನಕ್ಕೆ ಮರೀತಾರೆ. ಹಾಗೇ ಇರಲಿ ಗುಮಾಸ್ತರೇ. ನಿಮ್ಮ ಮನೆಯವರಿಗೂ ಹೇಳಬೇಡಿ."

ಇಲ್ಲ ಎನ್ನಲು ಬಾರದ ಗುಮಾಸ್ತ ಮಾತು ಕೊಟ್ಟುಬಿಟ್ಟ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ಸರಿಯಿತು. ಬೆನ್ನು ಬಾಗಿದ ಅಜ್ಜಿ ಸೌಟು ಹಿಡಿದು ನಿಂತಿದ್ದರು. ಅತ್ತೆ ಹಿತ್ತಿಲ ಬಾಗಿಲಿಂದ ಬಂದು ಸುದ್ದಿ ಮುಟ್ಟಿಸಿ ಹೋಗಿದ್ದಳು.

"ನನ್ನ ಮಗನ ಮೇಲೆ ಕೈ ಮಾಡಿದವನು ನೀನೇನಾ?"

ಗುಮಾಸ್ತ ಓನರನ್ನು ನೋಡಿದ. ಓನರು ನೆಲ ನೋಡಿದರು.

"ಹೌದು ಅಜ್ಜಿ" ಎಂದ.

"ಬೆಳಿಗ್ಗೆ ನಾನು ಹೊಡೆದಿದ್ದು ಸಾಲದು ಅಂತ ನೀನೂ ಹೊಡೆದ್ಯಾ? ಅವನಿಗೆ ಹೊಡೆಯೋಕೆ ನಾನಿದ್ದೀನಿ. ನೀನ್ಯಾರು?"

ಅಜ್ಜಿಯ ಕಣ್ಣು ಮಂಜಾಗಿದ್ದರೂ ಗುರಿ ಮಂಜಾಗಿರಲಿಲ್ಲ.

ಕೆನ್ನೆ ಹಿಡಿದುಕೊಂಡು ಹೊರಬಂದ ಗುಮಾಸ್ತನನ್ನೂ, ಹಿಂದೆ ಬಂದ ಓನರನ್ನೂ ಜನ ಒಮ್ಮೆ ನೋಡಿದರು. ಪೈಲ್ವಾನರು ತಿರುಗಿಸಿ ಕೊಟ್ಟೇಬಿಟ್ಟರು ಎಂದು ಅತ್ತೆ ತೀರ್ಮಾನ ಹೇಳಿದಳು. ಓನರು ಎದೆ ಸೆಟೆಸಿ ನಿಂತರೇ ಹೊರತು ಅಲ್ಲವೆನ್ನಲಿಲ್ಲ. ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು.

ಮಹಡಿಯ ಮೇಲೆ ಹೆಂಡತಿ ಒದ್ದೆ ಬಟ್ಟೆಯನ್ನು ಅವನ ಕೆನ್ನೆಗೆ ಒತ್ತಿ ಹಿಡಿದಳು. ಇಡೀ ದಿನ ಗಂಡನ ಪರ ಬೀದಿಯ ಜೊತೆ ವಾದಿಸಿದವಳು ಅವಳೊಬ್ಬಳೇ. ಕೊನೆಗೆ ಉಳಿದಿದ್ದ ಚೂರು ಗಂಟಲಲ್ಲಿ ಮೆಲ್ಲಗೆ ಕೇಳಿದಳು.

"ಓನರೇ ಒಪ್ಕೊಂಡ ಮೇಲೆ ಇನ್ನೇನು ಮುಚ್ಚಿಡ್ತೀರಿ? ನನಗಾದ್ರೂ ನಿಜ ಹೇಳಿ. ಗಾಳಿ ಹೊಡೆಯೋಕೆ ಮುಂಚೆ ಹೊಡೆದ್ರಾ, ಆಮೇಲೆ ಹೊಡೆದ್ರಾ?"

ಗುಮಾಸ್ತ ಬಾಯಿ ತೆರೆದ. ಕೊಟ್ಟ ಮಾತು ನೆನಪಾಯಿತು.

"ಆಮೇಲೆ" ಎಂದ.