ಅಜ್ಜನ ಕಷ್ಟಗಳ ತನಿಖೆ

ನಮ್ಮಜ್ಜ ಪಟ್ಟಷ್ಟು ಕಷ್ಟವನ್ನು ಈ ಭೂಮಿಯ ಮೇಲೆ ಇನ್ನೊಬ್ಬರು ಪಟ್ಟಿರಲಿಕ್ಕಿಲ್ಲ. ಹಾಗಂತ ನಾನು ಹೇಳುತ್ತಿಲ್ಲ, ಅವನೇ ಹೇಳುತ್ತಿದ್ದ! ಊಟಕ್ಕೆ ಕೂತಾಗ ಒಮ್ಮೆ, ಊಟ ಮುಗಿಸಿ ಎಲೆ ಅಡಿಕೆ ಹಾಕುವಾಗ ಇನ್ನೊಮ್ಮೆ. ಮನೆಗೆ ಬೀಗರು ಬಂದರಂತೂ ಕೇಳುವುದೇ ಬೇಡ. "ನಮ್ಮ ಕಾಲದಾಗ..." ಎಂದು ಅಜ್ಜ ಗಂಟಲು ಸರಿಮಾಡಿಕೊಂಡರೆ ಮನೆಯ ಬೆಕ್ಕು ಕೂಡ ಎದ್ದು ಹಿತ್ತಲಿಗೆ ಹೋಗುತ್ತಿತ್ತು.

ನಾವಿದ್ದದ್ದು ಲಿಂಗಸುಗೂರಿನಲ್ಲಿ. ಅಜ್ಜ ಹುಟ್ಟಿದ್ದು ಸಂತೆಕಲ್ಲೂರಿನಲ್ಲಿ. ಅಲ್ಲಿಂದ ಇಲ್ಲಿಯ ಶಾಲೆಗೆ ದಿನಾ ಬರಿಗಾಲಲ್ಲಿ ನಡೆದು ಬರುತ್ತಿದ್ದನಂತೆ. ನಾನು ಮೊದಲ ಸಲ ಈ ಕಥೆ ಕೇಳಿದಾಗ ದಾರಿ ನಾಲ್ಕು ಹರದಾರಿ ಇತ್ತು. ಒಂದು ಹರದಾರಿ ಎಂದರೆ ಹೆಚ್ಚುಕಡಿಮೆ ಮೂರು ಮೈಲಿ. ದೀಪಾವಳಿ ಹೊತ್ತಿಗೆ ಅದು ಆರು ಹರದಾರಿ ಆಯಿತು. ಸಿಂಧನೂರಿನಿಂದ ಬಂದ ಬೀಗರೊಬ್ಬರು ಬಸ್ಸಿಗೆ ಕಾದು ಕಾದು ಸಾಕಾಯಿತು ಅಂದದ್ದೇ ತಡ, ಒಂಬತ್ತಕ್ಕೆ ಏರಿತು!

"ಯಜ್ಜಾ, ಸಂತೆಕಲ್ಲೂರು ದಿನಾ ಹಿಂದಕ್ಕ ಸರ್ಯಾಕತ್ತೈತೇನು?" ಅಂದೆ.

"ಆಗಿನ ದಾರಿ ಉದ್ದ ಇದ್ವು ಬೇ. ಈಗ ಸರ್ಕಾರದೋರು ಕಡಿಮಿ ಮಾಡ್ಯಾರ!"

ಆಗ ನನಗೆ ಹನ್ನೊಂದು ವರ್ಷ. ಯಾರು ಏನು ಹೇಳಿದರೂ ಹೌದೋ ಅಲ್ಲವೋ ಎಂದು ನೋಡದೆ ಬಿಡದ ಚಾಳಿ. (ಈಗಲೂ ಹೋಗಿಲ್ಲ, ಮನೆಯವರನ್ನು ಕೇಳಿ.) ನೇರ ಅಡುಗೆಮನೆಗೆ ಹೋಗಿ ಆಯಿಯನ್ನು, ಅಂದರೆ ನಮ್ಮಜ್ಜಿಯನ್ನು ಕೇಳಿದೆ. ಆಯಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಅವರು ಸಾಲಿ ಕಲ್ತದ್ದು ಇದs ಊರಾಗ, ಅವರ ಸೋದರಮಾವನ ಮನ್ಯಾಗಿದ್ದು. ಸಾಲಿ ಗ್ವಾಡಿ, ಮಾವನ ಮನಿ ಗ್ವಾಡಿ ಎರಡೂ ಒಂದs. ಅಷ್ಟು ದೂರ ಸೈತ ಮಾವನ ಹೆಗಲ ಮ್ಯಾಲ ಕುಂತು ಹೋಗತಿದ್ರಂತ!"

ಆ ದಿನದಿಂದ ನಾನು ಅಜ್ಜನ ಕಷ್ಟಗಳ ತನಿಖೆ ಶುರುಮಾಡಿದೆ.

ಅವನ ಕಾಲದ ಬಿಸಿಲಿಗೆ ಒಲೆಯೇ ಬೇಕಿರಲಿಲ್ಲವಂತೆ. ಬಂಡೆಯ ಮೇಲೆ ರೊಟ್ಟಿ ಬಡಿದರೆ ಅಲ್ಲೇ ಬೆಂದು ಉಬ್ಬುತ್ತಿತ್ತಂತೆ. ಅವ್ವನ ತವರು ಮಸ್ಕಿ. ಬಂಡೆಗಳಿಗೆ ಅಲ್ಲೇನು ಬರವೇ? ಬೇಸಿಗೆಗೆ ಹೋದಾಗ ಜೋಳದ ಹಿಟ್ಟಿನ ಉಂಡೆ ಕದ್ದು ಗುಡ್ಡ ಹತ್ತಿ, ಸುಡುವ ಬಂಡೆಯ ಮೇಲೆ ರೊಟ್ಟಿ ಬಡಿದು, ನೀರು ಕುಡಿದು ಬರಲು ಕೆಳಗಿಳಿದೆ. ಮರಳಿ ಹೋದರೆ ಅರ್ಧ ರೊಟ್ಟಿಯನ್ನು ಆಡೊಂದು ತಿಂದು ಮುಗಿಸಿತ್ತು, ಇನ್ನರ್ಧ ಬಂಡೆಯನ್ನು ಬಿಟ್ಟು ಮೇಲೇಳಲಿಲ್ಲ. ಊರಿಗೆ ಬಂದು ವರದಿ ಒಪ್ಪಿಸಿದೆ. ಅಜ್ಜ ಒಂದಿಷ್ಟೂ ಅಳುಕಲಿಲ್ಲ.

"ಅದು ಬಿಸಿಲಿನ ತಪ್ಪಲ್ಲ. ನಮ್ಮ ಕಾಲದಾಗ ಆಡಿಗೂ ಶಿಸ್ತಿತ್ತು!"

ಇನ್ನು ಅವನ ಉರ್ದು ಕಲಿಕೆಯ ಕಥೆ. ಆಗ ನಮ್ಮದು ನಿಜಾಮರ ಸೀಮೆ, ಶಾಲೆಗೂ ಕಚೇರಿಗೂ ಉರ್ದುವೇ. ಉರ್ದುವಿನ ಮೊದಲ ಅಕ್ಷರ ಅಲಿಫ್, ಒಂದು ನೆಟ್ಟನೆಯ ಗೆರೆ. ಅದು ನೆಟ್ಟಗೆ ಬರುವತನಕ ಮಾಸ್ತರರು ಹುಡುಗರನ್ನು ನೆಟ್ಟಗೆ ನಿಲ್ಲಿಸುತ್ತಿದ್ದರಂತೆ.

"ನಾ ಮೂರು ದಿನ ನಿಂತೀನಿ."

"ಊಟ?"

"ನಿಂತs ಮಾಡಿದೆ."

"ನಿದ್ದಿ?"

"ಅಲಿಫ್ ಎಂದಾದ್ರೂ ಮಲಗ್ತೈತೇನ್ ಬೇ?"

ಆದರೆ ಒಂದು ಮಾತು ನಿಜ. ಅಜ್ಜನ ಉರ್ದು ಅಕ್ಷರ ನೋಡಲು ಎರಡು ಕಣ್ಣು ಸಾಲದು. ತಹಸೀಲು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಮುಂದೆ ಕಟ್ಟಿಗೆಯ ಪೆಟ್ಟಿಗೆ ಇಟ್ಟುಕೊಂಡು ಕೂತು, ಬಂದವರಿಗೆ ಅರ್ಜಿ ಬರೆದುಕೊಡುವುದು ಅವನ ಉದ್ಯೋಗ. ಸುತ್ತಲ ಹಳ್ಳಿಗಳಿಂದ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹೊಲದ ಬದು ಒಂದು ಗೇಣು ಸರಿದಿದ್ದರೂ ಅಜ್ಜನ ಅರ್ಜಿಯಲ್ಲಿ ಇಡೀ ಹೊಲ ಗೊಳೋ ಎಂದು ಅಳುತ್ತಿತ್ತು! ಬರೆಸಿಕೊಂಡವರು ಪ್ರೀತಿಯಿಂದ ಸೌತೆಕಾಯಿ, ಹಸಿಗಡಲೆ ಕೊಟ್ಟು ಹೋಗುತ್ತಿದ್ದರು. ಸಂಜೆ ಅಜ್ಜನ ಚೀಲ ತುಂಬಿ ಬರುತ್ತಿತ್ತು, ನಾನು ಬಾಗಿಲಲ್ಲೇ ಕಾಯುತ್ತಿದ್ದೆ.

ಅಷ್ಟರಲ್ಲಿ ನಿಜಾಮರ ಆಳ್ವಿಕೆ ಹೋಯಿತು. ನಮ್ಮ ಶಾಲೆಯ ಪುಸ್ತಕಗಳು ಕನ್ನಡವಾದವು. ಆಮೇಲೆ ನಿಧಾನವಾಗಿ ಕಚೇರಿಯ ಕಾಗದವೂ ಕನ್ನಡಕ್ಕೆ ತಿರುಗಿತು. ಇಷ್ಟು ದೊಡ್ಡ ಸಂಗತಿಯ ಬಗ್ಗೆ ಅಜ್ಜ ಒಂದೇ ಒಂದು ಮಾತೂ ಆಡಲಿಲ್ಲ. ವಿಚಿತ್ರ ಅಲ್ಲವೇ?

ಚೀಲ ಖಾಲಿ ಬರತೊಡಗಿತು. ಕೇಳಿದರೆ, "ಇವತ್ತು ಮಂದಿ ಅಂದ್ರ ಮಂದಿ! ಉಸಿರಾಡಾಕ ಬಿಡಲಿಲ್ಲ. ಚೀಲದಾಗಿಂದೆಲ್ಲ ಯಾರಿಗೋ ಕೊಟ್ಟುಬಿಟ್ಟೆ" ಎನ್ನುತ್ತಿದ್ದ. ಅವನ ದೌತಿಗೆ ಶಾಯಿ ತುಂಬುವವಳು ನಾನು. ಸುಮ್ಮನಿರುತ್ತೇನೆಯೇ? ದೌತಿಯ ಹೊರಗೆ ಸುಣ್ಣದಿಂದ ಗುರುತು ಮಾಡಿದೆ. ಮೂರು ವಾರವಾದರೂ ಶಾಯಿ ಗುರುತಿನಿಂದ ಕೆಳಗಿಳಿಯಲಿಲ್ಲ.

ಒಂದು ದಿನ ಪಕ್ಕದ ಮನೆಯ ಕಾಕು, ತನ್ನ ಮಗಳು ಬರೆಸಿ ಕಳಿಸಿದ ಪತ್ರ ಹಿಡಿದು ಬಂದಳು. "ಕನ್ನಡದಾಗೈತ್ರಿ, ಒಂಚೂರು ಓದಿ ಹೇಳ್ರಿ."

"ಏ, ಚಾಳೀಸು ಕಚೇರಿ ಹಂತೇಕ ಬಿಟ್ಟು ಬಂದೀನಲ್ಲವ್ವಾ" ಅಂದ ಅಜ್ಜ. ಚಾಳೀಸು ಅವನ ಮೂಗಿನ ಮೇಲೇ ಇತ್ತು!

ಬೆಳಗಿನಿಂದ ಸಂಜೆತನಕ ಕನ್ನಡದಲ್ಲಿ ಊರು ಕಟ್ಟಿ ಊರು ಕೆಡವುವ ನಮ್ಮಜ್ಜನಿಗೆ ಕನ್ನಡ ಓದಲು ಬರುವುದಿಲ್ಲವೇ? ಹಾಗಿರಲು ಸಾಧ್ಯವೇ? ಆ ಅನುಮಾನ ಹೊಕ್ಕ ಮೇಲೆ ನನಗೆ ಅನ್ನ ರುಚಿಸಲಿಲ್ಲ. ನನ್ನ ಪಾಠದ ಪುಸ್ತಕವನ್ನು ಬೇಕೆಂತಲೇ ತಲೆಕೆಳಗು ಮಾಡಿ ಅವನ ಕೈಗಿತ್ತೆ. "ಯಜ್ಜಾ, ಈ ಪಾಠ ನೋಡು, ಹೆಂಗೈತಿ?" ಅಜ್ಜ ಅದನ್ನು ತಲೆಕೆಳಗಾಗಿಯೇ ಹಿಡಿದು ಬಹಳ ಹೊತ್ತು ನೋಡಿದ. ತಲೆ ಆಡಿಸಿದ. "ಚಲೋ ಬರದಾರ" ಅಂದ. ಗೆದ್ದೆ ಎಂದು ಕುಣಿಯಬೇಕಿದ್ದ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಅವನು ಕಲಿತ ಕಾಲಕ್ಕೆ ಬಾಯಿಗೆ ಕನ್ನಡ, ಕೈಗೆ ಉರ್ದು. ಕೈಗೂ ಕನ್ನಡ ಬೇಕಾಗುವ ದಿನ ಬರುತ್ತದೆಂದು ಯಾರು ಹೇಳಿದ್ದರು?

ಅದೇ ವಾರ ನನ್ನ ಪಾಟಿ ಕಾಣೆಯಾಯಿತು. ಪಾಟಿ ಇಲ್ಲದೆ ಶಾಲೆಗೆ ಹೋಗಿ ಏಟು ತಿಂದು ಬಂದು, ಮಧ್ಯಾಹ್ನ ಹಿತ್ತಲಲ್ಲಿ ಹುಡುಕುತ್ತ ಜೋಳದ ಕಣಕಿಯ ಬಣವೆ ಸುತ್ತಿ ಹೋದರೆ, ಅಲ್ಲಿ ಅಜ್ಜ! ತೊಡೆಯ ಮೇಲೆ ನನ್ನ ಪಾಟಿ, ಪಕ್ಕದಲ್ಲಿ ನನ್ನ ಹಳೆಯ ಒಂದನೆಯ ಪುಸ್ತಕ. ಪಾಟಿಯ ಬಲಗಡೆಯ ತುದಿಯಲ್ಲಿ ಒಂದು ಸೊಟ್ಟ ಅ. ಅದರ ಎಡಕ್ಕೆ ಆ. ಅದರ ಎಡಕ್ಕೆ ಇ. ಉರ್ದು ಬರೆದು ಬರೆದು ಪಳಗಿದ ಕೈ ಬಲದಿಂದ ಎಡಕ್ಕೇ ಹೊರಟಿತ್ತು.

"ಯಜ್ಜಾ, ಕನ್ನಡ ಆ ಕಡಿಂದಲ್ಲ, ಈ ಕಡಿಂದ ಶುರು ಆಗತೈತಿ."

ಅಜ್ಜ ಬೆಚ್ಚಿ ಪಾಟಿಯನ್ನು ಧೋತರದಲ್ಲಿ ಮುಚ್ಚಿಕೊಂಡ. ಆಮೇಲೆ ನಿಧಾನಕ್ಕೆ ಹೊರತೆಗೆದ.

"ಕೈ ಕೇಳವಲ್ಲದು ಯವ್ವಾ. ಎರಡು ತಿಂಗಳಾತು, ನನ್ನ ಹಂತೇಕ ಒಬ್ರೂ ಬಂದಿಲ್ಲ. ಸುಮ್ಮನ ಕುಂತು ಬರ್ತೀನಿ. ಆಯಿಗೆ ಹೇಳಬ್ಯಾಡ."

ಕಾಲಿಗೆ ಮುಳ್ಳು ಚುಚ್ಚಿದರೆ ಭರ್ಜಿ ನೆಟ್ಟಿತು ಎನ್ನುತ್ತಿದ್ದ ಮನುಷ್ಯ! ಎರಡು ತಿಂಗಳು ಆ ಮರದ ಕೆಳಗೆ ಒಬ್ಬನೇ ಕೂತು ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ಅವನ ಕೈ ಹಿಡಿದು ಪಾಟಿಯ ಎಡಗಡೆಗೆ ತಂದಿಟ್ಟೆ.

ಎಂಟು ತಿಂಗಳು ಹಿಡಿಯಿತು. ಬಣವೆಯ ಹಿಂದೆಯೇ ನಮ್ಮ ಶಾಲೆ. ಒತ್ತಕ್ಷರ ಬಂದಾಗ ದೊಡ್ಡ ಜಗಳ: "ಈ ಅಕ್ಷರದ ಕೆಳಗ ಇನ್ನೊಂದು ಯಾಕ ಜೋತು ಬಿದ್ದೈತಿ? ಮ್ಯಾಲ ಜಾಗ ಇಲ್ಲೇನು?" ಒಂದು ದಿನ ಪಾಟಿ ಎಸೆದು ಒಡೆದ. "ನನ್ನ ಕೈಲೆ ಆಗಂಗಿಲ್ಲ" ಎಂದು ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಮೂರನೆಯ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಹೊಸ ಪಾಟಿ ತಂದು, ಒರೆಸಿ, ಬಣವೆಯ ಹಿಂದೆ ಕೂತಿದ್ದ. ಬರೆದು ಬರೆದು ಅವನ ಬೆರಳು ಬಾತುಕೊಂಡಿದ್ದನ್ನು ಆಯಿ ಕೇಳಿದರೆ ಬಾಗಿಲಿಗೆ ಸಿಕ್ಕಿತು ಅಂದ.

ಕೊನೆಗೊಂದು ದಿನ ಮಸ್ಕಿ ಕಡೆಯ ಹೆಣ್ಣುಮಗಳೊಬ್ಬಳು ಬಾವಿಯ ತಕರಾರು ಹೊತ್ತು ಮರದ ಕೆಳಗೆ ಬಂದಳು. ಶಾಲೆಗೆ ರಜೆ, ನಾನೂ ಜೊತೆಗಿದ್ದೆ. ಅಜ್ಜ ಅರ್ಜಿಯನ್ನು ಕನ್ನಡದಲ್ಲಿ ಬರೆದ. ಒಂದೊಂದು ಅಕ್ಷರಕ್ಕೂ ಹಣೆಯ ಬೆವರು ಒರೆಸಿಕೊಂಡ. ಹೆಣ್ಣುಮಗಳು ಅರ್ಜಿ ಹಿಡಿದು ಒಳಗೆ ಹೋದಳು. ನಾವಿಬ್ಬರೂ ಬಾಗಿಲನ್ನೇ ನೋಡುತ್ತ ಕೂತೆವು. ತಪ್ಪಾಗಿದೆ ಎಂದು ಕಾಗದ ತಿರುಗಿ ಬಂದರೆ ಅಜ್ಜ ಇನ್ನು ಈ ಚಾಪೆ ಹಾಸುವುದಿಲ್ಲವೆಂದು ನನಗೆ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಗುಮಾಸ್ತರೇ ಹೊರಗೆ ಬಂದರು. ಅವರ ಹಿಂದೆ ನಾಲ್ಕು ಮಂದಿ.

"ಅರ್ಜಿ ತಗೊಂಡೀವ್ರಿ. ಎಲ್ಲಾ ಬರೊಬ್ಬರಿ ಐತಿ. ಅಲ್ರೀ, ಈ ವಯಸ್ಸಿನ್ಯಾಗ ಕನ್ನಡ ಕಲ್ತೀರಿ? ಭಾಳ ತ್ರಾಸ ಆಗಿರಬೇಕಲ್ರೀ?"

ಮುಗಿಯಿತು, ಇನ್ನು ಶುರು ಎಂದುಕೊಂಡೆ. ಇಷ್ಟು ಜನ ಕೇಳುವವರು ಸಿಕ್ಕರೆ ಬಿಟ್ಟಾನೆಯೇ? ಎಂಟು ತಿಂಗಳು ಎಂಟು ವರ್ಷವಾಗುತ್ತದೆ, ಒಡೆದ ಪಾಟಿ ನೂರಾಗುತ್ತದೆ! ನಾನು ನಾಚಿಕೊಂಡು ನೆಲ ನೋಡಿದೆ.

ಅಜ್ಜನ ಕೈ ನನ್ನ ತಲೆಯ ಮೇಲೆ ಬಂತು.

"ತ್ರಾಸ ಎಲ್ಲೀದ್ರೀ? ನಮ್ಮ ಹುಡುಗಿ ಮಗ್ಗಲಾಗ ಕುಂತಿದ್ಲು."