ದಿವಾನರ ಮಾತಿಗೆ ಮಾಸ್ತರರ ತಿದ್ದುಪಡಿ

ಆ ಬೆಳಿಗ್ಗೆ ಅಂದಾನಪ್ಪ ಮಾಸ್ತರರು ರೊಟ್ಟಿ ಬಿಟ್ಟು ಭಾಷಣದ ಹಾಳೆ ಹಿಡಿದು ಕೂತಿದ್ದರು. ಕಾರಣ, ದಿವಾನರ ಒಂದು ಮಾತು.

ದಿವಾನ ಮುರಿಗೆಪ್ಪನವರು ಬೇವೂರಿನಲ್ಲಿ ಹುಟ್ಟಿ, ರಾಜರ ಕಾಲದಲ್ಲಿ ಒಂದು ಸಂಸ್ಥಾನವನ್ನೇ ನಡೆಸಿದವರು. ಊರಿನ ಹೊಸ ಹೈಸ್ಕೂಲಿಗೆ ಅವರ ಹೆಸರಿಡಿಸಲು ಮಾಸ್ತರರು ವರ್ಷಗಟ್ಟಲೆ ಬಾಗಲಕೋಟೆಗೆ ಅಲೆದು ಚಪ್ಪಲಿ ಸವೆಸಿದ್ದರು. ಇವತ್ತು ಮಂತ್ರಿ ಮಧುಸೂದನರಾಯರು ಬಂದು ಹೆಸರು ಸಾರುವವರಿದ್ದರು. ಭಾಷಣ ಮಾಸ್ತರರದು. ಅದರಲ್ಲಿ ದಿವಾನರ ಹೆಸರಾಂತ ಮಾತು: “ವಕೀಲನ್ನ ದರಬಾರಕ್ಕ ಸೇರಿಸಬ್ಯಾಡ್ರಿ. ಕೆರಿ ಒಡದೈತಿ ಅಂದ್ರ, ಮೊದಲ ಕೆರಿ ಇತ್ತು ಅನ್ನೂದಕ್ಕ ಸಾಕ್ಷಿ ಕೇಳ್ತಾನ.”

“ಮಂತ್ರಿಗಳು ಖುದ್ದ ವಕೀಲರದಾರ್ರಿ!” ಮನೆಗೆ ಬಂದ ಹೆಡ್‌ಮಾಸ್ತರ ಹೊಳಬಸಪ್ಪ ಹೌಹಾರಿದರು. “ಆ ಮಾತು ಬಿಡ್ರಿ.”

“ಅದನ್ನ ಬಿಟ್ಟರ ದಿವಾನರು ಉಪ್ಪಿಲ್ಲದ ಸಾರು ಆಗ್ತಾರ್ರಿ.”

“ಹಂಗಾರ ವಕೀಲರ ಬದಲಿ ಡಾಕ್ಟರ್ ಅನ್ರಿ.”

ಜೊತೆಗಿದ್ದ ಡ್ರಿಲ್ ಮಾಸ್ತರ ಜಲಾಲುದ್ದೀನ ನಕ್ಕ. “ಡಾಕ್ಟರ್ ಮುಂದಿನ ಸಾಲಿನ್ಯಾಗ ಕುಂಡ್ರಾವ್ರು. ಲೇ ಅಂದಾನಪ್ಪ, ನಾಳೆ ನಿನಗ ಜ್ವರ ಬಂದ್ರ ಸೂಜಿ ಹೆಂಗ ಚುಚ್ತಾರ ನೋಡು!”

“ಸಾವಕಾರರು ಅನ್ಲೇನು?”

“ಪೆಂಡಾಲು ಯಾರು ಹಾಕಿಸ್ಯಾರ?”

ಒಳಗಿನಿಂದ ಹೆಂಡತಿ ಗುರುಲಿಂಗವ್ವ ಕೂಗಿದಳು: “ಮಾಸ್ತರು ಅನ್ರಿ. ನಾ ದಿನಾ ಬೈತೇನಿ, ಎಂದಾರ ಸಿಟ್ಟಾಗೀರೇನು?”

ಮೂವರು ಮಾಸ್ತರರೂ ಒಪ್ಪಿದರು. ಸಿಟ್ಟಾಗಲಿಲ್ಲ.

ಸಂಜೆ ಮಾಸ್ತರರು ಮೈಕಿನ ಮುಂದೆ ನಿಂತರು. ದನಿ ಗಟ್ಟಿಯಾಗಿತ್ತು. “ನಮ್ಮ ದಿವಾನರು ಅಂತಿದ್ರು: ಮಾಸ್ತರನ್ನ ದರಬಾರಕ್ಕ ಸೇರಿಸಬ್ಯಾಡ್ರಿ. ಕೆರಿ ಒಡದೈತಿ ಅಂತ ಓಡಿ ಬಂದವನಿಗೆ, ಒಳಗ ಬರಲೇನ್ರಿ ಅಂತ ಕೇಳಿ ಬಾ ಅಂತ ಹೊರಗ ಕಳಸ್ತಾನ!”

ಜನ ಬಿದ್ದು ಬಿದ್ದು ನಕ್ಕರು. ಮಂತ್ರಿಗಳು ಮಾತ್ರ ನಗಲಿಲ್ಲ.

ಮಂತ್ರಿಗಳು ಎದ್ದರು. “ವಕೀಲರ ಬಗ್ಗೆ ದಿವಾನರು ಆಡಿದ ಮಾತು ನನ್ನ ಕಚೇರಿ ಗೋಡಿ ಮ್ಯಾಲೆ ಚೌಕಟ್ಟು ಹಾಕಿಸಿ ಇಟ್ಟೇನಿ. ನಮ್ಮ ಕಡಿಯವರು ನಮಗ ಇಷ್ಟು ಚಂದ ಬೈದಾರಲ್ಲಾ ಅಂತ ಎದಿ ಉಬ್ಬತದ. ಅದನ್ನ ಕೇಳ್ಲಿಕ್ಕೇ ಬಂದಿದ್ದೆ. ಆದ್ರ ಮಾಸ್ತರರಿಗೂ ಬೈದಿದ್ರು ಅಂತ ಇವತ್ತ ಗೊತ್ತಾತು. ಮಾಸ್ತರರಿಗೆ ಬೈದವರ ಹೆಸರು ಹೈಸ್ಕೂಲಿಗೆ ಹ್ಯಾಂಗ ಇಡೋದು? ಬ್ಯಾಡ. ಬಾಗಲಕೋಟ್ಯಾಗ ವಕೀಲರಿಗೆ ಹೊಸ ಕಟ್ಟಡ ಏಳ್ಲಿಕ್ಕತ್ತದ. ಅದಕ್ಕ ಇಡೋಣ!”

ಮಂತ್ರಿಗಳ ಸಂಗಡ ಬಂದಿದ್ದ ವಕೀಲರು ಚಪ್ಪಾಳೆಯ ಮಳೆಗರೆದರು. ಅಂದಾನಪ್ಪ ಎದ್ದು ಬಾಯಿ ತೆರೆದರು. ಹೊಳಬಸಪ್ಪ ಅವರ ಕೋಟಿನ ಚುಂಗು ಹಿಡಿದು ಜಗ್ಗಿದರು: “ಕುಂಡ್ರ್ರಿ! ಸುಳ್ಳು ಹೇಳೇನಿ ಅಂದ್ರ ನೌಕರಿನೂ ಹೋಗ್ತೈತಿ.”

“ಮಾಸ್ತರರು ಏನೋ ಹೇಳ್ಲಿಕ್ಕತ್ತಾರ,” ಎಂದರು ಮಂತ್ರಿಗಳು ಅಕ್ಕರೆಯಿಂದ. “ಭಾಳ ಸಂತೋಷ ಆಗೇದ ಅವರಿಗೆ. ಆ ಕಟ್ಟಡದ ಉದ್ಘಾಟನಾ ಭಾಷಣಾನೂ ಅವರದ!”